ಮನೆಯ ಅಕ್ವೇರಿಯಂಗೆ ಸಂಪ್ ಮತ್ತು ಕೋಡಿ: ವಿದ್ಯುತ್ ಹೋದರೂ ನೀರು ನೆಲಕ್ಕಿಳಿಯದ ವ್ಯವಸ್ಥೆ

ನಾಲ್ಕು ಅಡಿ ಉದ್ದದ ಅಕ್ವೇರಿಯಂ ಒಂದರಲ್ಲಿ ಸುಮಾರು 240 ಲೀಟರ್ ನೀರು ಹಿಡಿಯುತ್ತದೆ. ಹದಿನೈದು ಬಕೆಟ್‌ನಷ್ಟಿರುವ ಈ ನೀರು ಗಾಜಿನೊಳಗೆ ಇರುವವರೆಗೆ ಮನೆಗೆ ಶೋಭೆ. ಅದರಲ್ಲಿ ಎರಡೇ ಬಕೆಟ್ ನೆಲಕ್ಕೆ ಇಳಿದರೂ ಮರದ ಪೀಠೋಪಕರಣ ಉಬ್ಬುತ್ತದೆ, ಅಪಾರ್ಟ್‌ಮೆಂಟ್ ಆಗಿದ್ದಲ್ಲಿ ಕೆಳಮಹಡಿಯವರ ತಾರಸಿಯಿಂದ ನೀರು ತೊಟ್ಟಿಕ್ಕುತ್ತದೆ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರಂತೂ ಜೀವಕ್ಕೇ ಅಪಾಯ.

ತೊಟ್ಟಿಯ ಕೆಳಗೆ ಸಂಪ್ ಇಟ್ಟು ನೀರನ್ನು ಶುದ್ಧೀಕರಿಸುವ ಪದ್ಧತಿ ಮೀನುಗಳ ಆರೋಗ್ಯಕ್ಕೆ ಅತ್ಯುತ್ತಮ. ಆದರೆ ನೀರು ಉಕ್ಕಿ ಹರಿಯುವ ಭಯದಿಂದಲೇ ಅನೇಕರು ಇದರ ಗೋಜಿಗೆ ಹೋಗುವುದಿಲ್ಲ. ಈ ಭಯಕ್ಕೆ ಪರಿಹಾರ ದುಬಾರಿ ಉಪಕರಣಗಳಲ್ಲಿಲ್ಲ. ತೊಟ್ಟಿ ಕೊಳ್ಳುವ ಮೊದಲು ಕಾಗದದ ಮೇಲೆ ಮಾಡಬೇಕಾದ ಎರಡು ಸರಳ ಲೆಕ್ಕಗಳಲ್ಲಿದೆ. ವಿದ್ಯುತ್ ಹೋದಾಗ ಮೇಲಿನಿಂದ ಇಳಿಯುವ ನೀರೆಲ್ಲವೂ ಕೆಳಗಿನ ಸಂಪಿನಲ್ಲಿ ಹಿಡಿಯಬೇಕು. ಇಳಿಯುವ ದಾರಿ ಕಟ್ಟಿಕೊಂಡಾಗ ಪಂಪ್ ಎತ್ತಬಲ್ಲ ನೀರೆಲ್ಲವೂ ಮೇಲಿನ ತೊಟ್ಟಿಯಲ್ಲಿ ಹಿಡಿಯಬೇಕು. ಈ ಎರಡು ಷರತ್ತುಗಳು ಈಡೇರಿದರೆ ಮನೆಯಲ್ಲಿ ಯಾರೂ ಇಲ್ಲದ ವೇಳೆಯಲ್ಲಿಯೂ ನೆಲ ಒಣಗಿಯೇ ಇರುತ್ತದೆ.

ಸಂಪ್ ಎಂದರೇನು?

ಸಂಪ್ ಎಂಬ ಪದ ರಾಜ್ಯದ ನಗರವಾಸಿಗಳಿಗೆ ಹೊಸದಲ್ಲ. ನೆಲದಡಿಯ ಸಂಪಿನಿಂದ ಮೋಟಾರ್ ನೀರನ್ನು ಮಹಡಿಯ ಟ್ಯಾಂಕಿಗೆ ಎತ್ತುತ್ತದೆ, ಅಲ್ಲಿಂದ ನೀರು ತನ್ನಷ್ಟಕ್ಕೆ ನಲ್ಲಿಗಳಿಗೆ ಇಳಿಯುತ್ತದೆ. ಅಕ್ವೇರಿಯಂ ಸಂಪ್ ಕೂಡ ಇದೇ ತತ್ವದ್ದು. ಸ್ಟ್ಯಾಂಡಿನೊಳಗೆ ಇರಿಸಿದ ಎರಡನೆಯ ಗಾಜಿನ ತೊಟ್ಟಿಯೇ ಸಂಪ್. ಮೇಲಿನ ತೊಟ್ಟಿಯ ನೀರು ಗುರುತ್ವ ಬಲದಿಂದ ಇದರೊಳಕ್ಕೆ ಇಳಿಯುತ್ತದೆ. ಸ್ಪಂಜು, ಸೆರಾಮಿಕ್ ಉಂಗುರಗಳ ಮೂಲಕ ಹಾದು ಶುದ್ಧವಾಗುತ್ತದೆ. ಕೊನೆಯ ಕೋಣೆಯಲ್ಲಿರುವ ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳುಹಿಸುತ್ತದೆ.

ಯೂರೋಪಿನಲ್ಲಿ ರೂಪುಗೊಂಡ ಈ ಬಗೆಯ ಶೋಧನಾ ಪದ್ಧತಿ 1986ರಲ್ಲಿ ‘ಫ್ರೆಶ್‌ವಾಟರ್ ಆ್ಯಂಡ್ ಮರೀನ್ ಅಕ್ವೇರಿಯಂ’ ಎಂಬ ಅಮೆರಿಕದ ನಿಯತಕಾಲಿಕದಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಗಳ ಬಳಿಕ ಅಲ್ಲಿನ ಹವ್ಯಾಸಿಗಳಲ್ಲಿ ಜನಪ್ರಿಯವಾಯಿತು. ಇಂದು ಸಮುದ್ರದ ನೀರಿನ ತೊಟ್ಟಿಗಳಲ್ಲಷ್ಟೇ ಅಲ್ಲದೆ, ಸಿಹಿನೀರಿನ ದೊಡ್ಡ ಮೀನುಗಳ ತೊಟ್ಟಿಗಳಿಗೂ ಸಂಪ್ ಬಳಕೆಯಲ್ಲಿದೆ. ಒಟ್ಟು ನೀರಿನ ಪ್ರಮಾಣ ಹೆಚ್ಚುವುದು, ಹೀಟರ್ ಮುಂತಾದ ಸಾಧನಗಳು ಕಣ್ಣಿಗೆ ಬೀಳದಿರುವುದು, ಮೇಲಿನ ತೊಟ್ಟಿಯ ನೀರಿನ ಮಟ್ಟ ಸದಾ ಒಂದೇ ಆಗಿರುವುದು ಇದರ ಮುಖ್ಯ ಅನುಕೂಲಗಳು.

ಕೆರೆಯ ಕೋಡಿ, ತೊಟ್ಟಿಯ ಕೋಡಿ

ಕರ್ನಾಟಕದ ಪ್ರತಿಯೊಂದು ಹಳೆಯ ಕೆರೆಗೂ ಕೋಡಿ ಇರುತ್ತದೆ. ನೀರು ಆ ಮಟ್ಟ ತಲುಪಿದಾಗ ಹೆಚ್ಚುವರಿ ನೀರು ಕೋಡಿಯ ಮೂಲಕ ಹರಿದುಹೋಗಿ ಏರಿ ಉಳಿಯುತ್ತದೆ. ಅಕ್ವೇರಿಯಂನ ಓವರ್‌ಫ್ಲೋ ಎಂಬುದೂ ಕೋಡಿಯೇ. ತೊಟ್ಟಿಯ ಹಿಂಬದಿಯಲ್ಲಿ ಗಾಜು ಅಥವಾ ಅಕ್ರಿಲಿಕ್‌ನ ಒಂದು ಚಿಕ್ಕ ಪೆಟ್ಟಿಗೆ ಕೂರಿಸಿ, ಅದರ ಮೇಲಂಚನ್ನು ಬಾಚಣಿಗೆಯ ಹಲ್ಲುಗಳಂತೆ ಕೊರೆಯಲಾಗಿರುತ್ತದೆ. ಹಲ್ಲುಗಳ ನಡುವಿನ ಸಂದಿನಿಂದ ನೀರು ಪೆಟ್ಟಿಗೆಯೊಳಕ್ಕೆ ಬೀಳುತ್ತದೆ, ಅಲ್ಲಿಂದ ಪೈಪ್ ಮೂಲಕ ಸಂಪಿಗೆ ಇಳಿಯುತ್ತದೆ. ಹಲ್ಲುಗಳು ಮೀನುಗಳನ್ನು ತಡೆಯುತ್ತವೆ.

ಪಂಪ್ ನಿಂತಾಗ ನೀರು ಈ ಕೋಡಿಯ ಮಟ್ಟದವರೆಗೆ ಮಾತ್ರ ಇಳಿದು ನಿಲ್ಲುತ್ತದೆ. ಆದ್ದರಿಂದ ಕೋಡಿಯ ಎತ್ತರವೇ ಇಡೀ ವ್ಯವಸ್ಥೆಯ ಮೊದಲ ಕಾವಲುಗಾರ. ಗಂಟೆಗೆ 1500 ಲೀಟರ್ ನೀರು 25 ಸೆಂ.ಮೀ. ಉದ್ದದ ನಯವಾದ ಕೋಡಿಯ ಮೇಲೆ ಹರಿಯುವಾಗ ನೀರಿನ ಮಟ್ಟ ಕೋಡಿಗಿಂತ ಸುಮಾರು 1 ಸೆಂ.ಮೀ. ಮೇಲಿರುತ್ತದೆ. ಅರ್ಧಭಾಗ ಹಲ್ಲುಗಳೇ ತುಂಬಿದ್ದರೆ ಈ ಎತ್ತರ ಸುಮಾರು 1.5 ಸೆಂ.ಮೀ. ಆಗುತ್ತದೆ. ಕೋಡಿ ಉದ್ದವಾದಷ್ಟೂ ಈ ಪದರ ತೆಳುವಾಗುತ್ತದೆ, ಪಂಪ್ ನಿಂತಾಗ ಇಳಿಯುವ ನೀರೂ ಕಡಿಮೆಯಾಗುತ್ತದೆ. ಸ್ಟ್ಯಾಂಡ್ ಓರೆಯಾಗಿದ್ದರೆ ಕೋಡಿಯ ಒಂದು ತುದಿಯಲ್ಲಷ್ಟೇ ನೀರು ಹರಿಯುವುದರಿಂದ ತೊಟ್ಟಿ ಇಡುವ ಮೊದಲು ನೀರುಮಟ್ಟದಿಂದ ಸಮತಳ ನೋಡಿಕೊಳ್ಳುವುದು ಅಗತ್ಯ.

ವಿದ್ಯುತ್ ಹೋದಾಗ ಆಗುವುದೇನು?

ಕೋಡಿ ಸರಿಯಾಗಿದ್ದರೂ ನೀರು ನೆಲಕ್ಕೆ ಬರುವುದುಂಟು. ಅದಕ್ಕೆ ಕಾರಣ ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪ್. ಡಬ್ಬಿಯಿಂದ ಸೀಮೆಎಣ್ಣೆ ತೆಗೆಯಲು ಟ್ಯೂಬ್ ಇಳಿಬಿಟ್ಟು ಒಮ್ಮೆ ಎಳೆದರೆ ಎಣ್ಣೆ ತಾನಾಗಿಯೇ ಹರಿಯುತ್ತದಷ್ಟೆ. ಇದೇ ಸೈಫನ್. ಪಂಪ್ ನಿಂತ ಕೂಡಲೇ ರಿಟರ್ನ್ ಪೈಪಿನಲ್ಲಿಯೂ ಇದೇ ನಡೆಯುತ್ತದೆ. ಪೈಪಿನ ಬಾಯಿ ನೀರಿನೊಳಗೆ ಮುಳುಗಿದ್ದರೆ ತೊಟ್ಟಿಯ ನೀರು ಪಂಪ್ ಮೂಲಕವೇ ಹಿಮ್ಮುಖವಾಗಿ ಸಂಪಿಗೆ ಹರಿಯುತ್ತದೆ. ಬಾಯಿ ನೀರಿನಿಂದ ಹೊರಗೆ ಬಂದು ಗಾಳಿ ಎಳೆದುಕೊಳ್ಳುವವರೆಗೂ ಇದು ನಿಲ್ಲುವುದಿಲ್ಲ. ಅಂದರೆ ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಷ್ಟು ನೀರು ಕೆಳಗಿಳಿಯುವುದು ಖಚಿತ.

ಇದಕ್ಕೆ ಮದ್ದು ಸುಲಭ. ಪೈಪಿನ ಬಾಯಿಯನ್ನು ಕೋಡಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಒಂದೆರಡು ಸೆಂ.ಮೀ. ಕೆಳಗಷ್ಟೇ ಇಡಬೇಕು. ಕೆಲವರು ಪೈಪನ್ನು ಆಳಕ್ಕೆ ಇಳಿಸಿ, ನೀರಿನ ಮೇಲ್ಮೈ ಸಮೀಪ 3-4 ಮಿ.ಮೀ. ತೂತು ಕೊರೆಯುತ್ತಾರೆ. ನೀರು ಆ ಮಟ್ಟಕ್ಕೆ ಇಳಿದಾಗ ತೂತಿನಿಂದ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಆದರೆ ಪಾಚಿ, ಬಸವನಹುಳು ಅಥವಾ ಸುಣ್ಣದ ಪದರದಿಂದ ಈ ಕಿರುತೂತು ಮುಚ್ಚಿಹೋಗಬಹುದು. ತೂತು ಹೆಚ್ಚುವರಿ ರಕ್ಷಣೆಯಾಗಿರಲಿ, ಏಕೈಕ ರಕ್ಷಣೆಯಾಗುವುದು ಸಲ್ಲದು.

ಮೊದಲ ಲೆಕ್ಕ: ಕೆಳಗಿಳಿಯುವ ನೀರು

ಉದಾಹರಣೆಗೆ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಬಹುದು. ಇದರಲ್ಲಿ ನೀರಿನ ಮಟ್ಟ 1 ಸೆಂ.ಮೀ. ಇಳಿದರೆ 5.4 ಲೀಟರ್ ನೀರು ಹೊರಹೋದಂತೆ. ಇದರ ಕೋಡಿ 40 ಸೆಂ.ಮೀ. ಎತ್ತರದಲ್ಲಿದೆ, ಪಂಪ್ ಓಡುವಾಗ ನೀರಿನ ಮಟ್ಟ 41.5 ಸೆಂ.ಮೀ. ಇರುತ್ತದೆ, ರಿಟರ್ನ್ ಪೈಪಿನ ಬಾಯಿ ಕೋಡಿಗಿಂತ 1.5 ಸೆಂ.ಮೀ. ಕೆಳಗಿದೆ ಎಂದಿಟ್ಟುಕೊಳ್ಳೋಣ. ಪಂಪ್ ನಿಂತಾಗ ಮಟ್ಟ ಒಟ್ಟು 3 ಸೆಂ.ಮೀ. ಇಳಿಯುತ್ತದೆ. ಇದು 16 ಲೀಟರ್. ಕೋಡಿ ಪೆಟ್ಟಿಗೆಯಿಂದ ಸುಮಾರು 5 ಲೀಟರ್, ಪೈಪುಗಳಲ್ಲಿ ಉಳಿದ ಸುಮಾರು 2 ಲೀಟರ್ ಸೇರಿದರೆ ಒಟ್ಟು 23 ಲೀಟರ್.

ಇನ್ನು ಸಂಪ್ 80 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ್ದಾಗಿರಲಿ. ಇದರ ಪೂರ್ಣ ಸಾಮರ್ಥ್ಯ 112 ಲೀಟರ್. ಒಳಗಿನ ಅಡ್ಡಗಾಜುಗಳ ಎತ್ತರ 22 ಸೆಂ.ಮೀ. ಇದ್ದು, 25 ಸೆಂ.ಮೀ. ಉದ್ದದ ಪಂಪ್ ಕೋಣೆಯಲ್ಲಿ ನೀರು 18 ಸೆಂ.ಮೀ. ಇದ್ದರೆ, ಪಂಪ್ ಓಡುತ್ತಿರುವಾಗ ಸಂಪಿನಲ್ಲಿ ಒಟ್ಟು ಸುಮಾರು 60 ಲೀಟರ್ ನೀರಿರುತ್ತದೆ. ಅಂಚಿನಿಂದ 3 ಸೆಂ.ಮೀ. ಬಿಟ್ಟರೂ 43 ಲೀಟರ್‌ಗೆ ಜಾಗ ಉಳಿಯುತ್ತದೆ. ಇಳಿಯುವ 23 ಲೀಟರ್ ಇದರಲ್ಲಿ ನಿರಾತಂಕವಾಗಿ ಹಿಡಿಯುತ್ತದೆ.

ಇದೇ ತೊಟ್ಟಿಯಲ್ಲಿ ರಿಟರ್ನ್ ಪೈಪಿನ ಬಾಯಿ ಕೋಡಿಗಿಂತ 10 ಸೆಂ.ಮೀ. ಕೆಳಗಿದ್ದರೆ ಚಿತ್ರವೇ ಬದಲಾಗುತ್ತದೆ. ಆಗ ತೊಟ್ಟಿಯಿಂದಲೇ 62 ಲೀಟರ್, ಪೆಟ್ಟಿಗೆ ಮತ್ತು ಪೈಪಿನಿಂದ 7 ಲೀಟರ್, ಒಟ್ಟು 69 ಲೀಟರ್ ಕೆಳಗಿಳಿಯುತ್ತದೆ. ಸಂಪ್ ತನ್ನ ಅಂಚಿನವರೆಗೆ ತುಂಬಿದರೂ ಉಳಿದ 17 ಲೀಟರ್ ನೆಲದ ಪಾಲು. ತೊಟ್ಟಿ ಅದೇ, ಸಂಪ್ ಅದೇ, ಪಂಪ್ ಅದೇ. ಪೈಪಿನ ತುದಿ ಎಂಟೂವರೆ ಸೆಂ.ಮೀ. ತಗ್ಗಿದ್ದೇ ವ್ಯತ್ಯಾಸ.

ಎರಡನೆಯ ಲೆಕ್ಕ: ಮೇಲಕ್ಕೇರುವ ನೀರು

ಕೋಡಿಯ ಹಲ್ಲುಗಳಿಗೆ ಎಲೆ ಅಂಟಿಕೊಂಡಾಗ, ಇಳಿಪೈಪಿನೊಳಗೆ ಬಸವನಹುಳು ಅಥವಾ ಚಿಕ್ಕ ಮೀನು ಸಿಕ್ಕಿಕೊಂಡಾಗ ನೀರು ಕೆಳಗಿಳಿಯುವುದು ನಿಲ್ಲುತ್ತದೆ. ಪಂಪ್‌ಗೆ ಇದು ತಿಳಿಯದು. ತನ್ನ ಕೋಣೆಯಲ್ಲಿ ನೀರಿರುವವರೆಗೂ ಅದು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಆದ್ದರಿಂದ ಪಂಪ್ ಕೋಣೆ ಚಿಕ್ಕದಾಗಿರಬೇಕು, ಮೇಲಿನ ತೊಟ್ಟಿಯಲ್ಲಿ ಖಾಲಿ ಜಾಗ ಇರಬೇಕು.

ಮೇಲಿನ ಉದಾಹರಣೆಯಲ್ಲಿ ಪಂಪ್ ಕೋಣೆಯ ಅಳತೆ 25 × 35 ಸೆಂ.ಮೀ. ಅದರಲ್ಲಿನ ನೀರು 18 ಸೆಂ.ಮೀ. ಪಂಪ್ ನೀರೆಳೆಯುವ ಬಾಯಿ ತಳದಿಂದ 6 ಸೆಂ.ಮೀ. ಎತ್ತರದಲ್ಲಿದ್ದರೆ ಅದು ಎತ್ತಬಲ್ಲ ನೀರು ಹತ್ತೂವರೆ ಲೀಟರ್. ಅಡ್ಡಗಾಜುಗಳ ಮೇಲೆ ಹರಿಯುತ್ತಿದ್ದ ತೆಳುಪದರದ ನೀರು ಸುಮಾರು 2 ಲೀಟರ್. ಒಟ್ಟು ಹನ್ನೆರಡೂವರೆ ಲೀಟರ್ ಮೇಲೇರಿದರೆ ತೊಟ್ಟಿಯ ಮಟ್ಟ 2.3 ಸೆಂ.ಮೀ. ಹೆಚ್ಚುತ್ತದೆ. 41.5 ಸೆಂ.ಮೀ. ಇದ್ದದ್ದು 43.8 ಸೆಂ.ಮೀ. ಆಗುತ್ತದೆ. ತೊಟ್ಟಿಯ ಅಂಚು 45 ಸೆಂ.ಮೀ.ನಲ್ಲಿರುವುದರಿಂದ ನೀರು ಹೊರಚೆಲ್ಲುವುದಿಲ್ಲ. ಪಂಪ್ ಗಾಳಿ ಎಳೆಯುತ್ತಾ ಸದ್ದು ಮಾಡತೊಡಗುತ್ತದೆ. ಸದ್ದೇ ಮನೆಯವರಿಗೆ ಎಚ್ಚರಿಕೆಯ ಗಂಟೆ. ಹಾಗೆಯೇ ಬಿಟ್ಟರೆ ಪಂಪ್ ಸುಟ್ಟುಹೋಗಬಹುದು, ಆದರೆ ನೆಲ ಉಳಿಯುತ್ತದೆ. ನೀರಿಲ್ಲದಾಗ ತಾನಾಗಿ ನಿಲ್ಲುವ ಪಂಪ್‌ಗಳೂ ಮಾರುಕಟ್ಟೆಯಲ್ಲಿವೆ.

ಕೆಂಪು ಗೆರೆ

ಸಂಪಿನಲ್ಲಿ ಎಷ್ಟು ನೀರು ತುಂಬಬಹುದು ಎಂಬುದಕ್ಕೆ ಮೇಲಿನ ಎರಡು ಲೆಕ್ಕಗಳು ಎರಡು ಮಿತಿಗಳನ್ನು ಕೊಡುತ್ತವೆ. ಮೊದಲ ಮಿತಿ ತಿಳಿಯಲು ಸುಲಭ ಉಪಾಯವಿದೆ. ಪಂಪ್ ನಿಲ್ಲಿಸಿ, ಮೇಲಿನ ನೀರೆಲ್ಲ ಇಳಿದ ಬಳಿಕ ಸಂಪನ್ನು ಅಂಚಿನಿಂದ 3 ಸೆಂ.ಮೀ. ಕೆಳಗಿನವರೆಗೆ ತುಂಬಿಸಬೇಕು. ನಂತರ ಪಂಪ್ ಚಾಲೂ ಮಾಡಿದರೆ ಮಟ್ಟ ಇಳಿದು ಒಂದೆಡೆ ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಇದು ಸುಮಾರು 28 ಸೆಂ.ಮೀ.

ಅನೇಕರು ಇಲ್ಲಿಗೇ ತೃಪ್ತರಾಗಿ 28 ಸೆಂ.ಮೀ.ನಲ್ಲಿ ಗುರುತು ಹಾಕುತ್ತಾರೆ. ಅಪಾಯ ಅಡಗಿರುವುದು ಇಲ್ಲಿಯೇ. ನೀರು 28 ಸೆಂ.ಮೀ. ಇದ್ದಾಗ ಅದು ಅಡ್ಡಗಾಜುಗಳನ್ನೂ ಮುಳುಗಿಸಿರುತ್ತದೆ. ಕೋಡಿ ಕಟ್ಟಿಕೊಂಡರೆ ಪಂಪ್ ಕೋಣೆಯ ನೀರಷ್ಟೇ ಅಲ್ಲದೆ ಅಡ್ಡಗಾಜಿನ ಮೇಲಿನ ನೀರೂ ಪಂಪ್‌ಗೆ ಸಿಗುತ್ತದೆ. ಆಗ 30 ಲೀಟರಿಗೂ ಹೆಚ್ಚು ನೀರು ಮೇಲೇರಿ, ಮೂರೂವರೆ ಸೆಂ.ಮೀ. ಖಾಲಿ ಜಾಗವಷ್ಟೇ ಇರುವ ತೊಟ್ಟಿ ಉಕ್ಕಿ ಹರಿಯುತ್ತದೆ. ಎರಡನೆಯ ಲೆಕ್ಕದ ಪ್ರಕಾರ ಪಂಪ್ ಕೋಣೆಯ ನೀರು 22 ಸೆಂ.ಮೀ. ಮೀರುವಂತಿಲ್ಲ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ಕೆಂಪು ಗೆರೆ.

ಈ ಗೆರೆಯನ್ನು ಅಳಿಸದ ಶಾಯಿಯಿಂದ ಸಂಪಿನ ಗಾಜಿನ ಮೇಲೆ ಬರೆಯುವುದು, ಮನೆಯವರೆಲ್ಲರಿಗೂ ಅದರ ಅರ್ಥ ತಿಳಿಸುವುದು ಅತ್ಯಗತ್ಯ. ಊರಿಗೆ ಹೊರಡುವ ಮುನ್ನ ‘ಇರಲಿ’ ಎಂದು ಒಂದೆರಡು ಬಕೆಟ್ ಹೆಚ್ಚಿಗೆ ಸುರಿದು ಹೋಗುವ ಅಭ್ಯಾಸ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುತ್ತದೆ.

ಯಾವ ಬಗೆಯ ಓವರ್‌ಫ್ಲೋ ಒಳಿತು?

ತೊಟ್ಟಿಗೆ ತೂತು ಕೊರೆಯದೆ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆಗಳು ಸಿಗುತ್ತವೆ. ಇವುಗಳಲ್ಲಿ ‘ಯು’ ಆಕಾರದ ಕೊಳವೆಯ ಸೈಫನ್ ನೀರನ್ನು ಅಂಚು ದಾಟಿಸುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆಗಳು ಸೇರಿಕೊಂಡರೆ ಸೈಫನ್ ಕಡಿಯುತ್ತದೆ. ವಿದ್ಯುತ್ ಹೋಗಿ ಮರಳಿದಾಗ ಪಂಪ್ ತಕ್ಷಣ ಓಡತೊಡಗುತ್ತದೆ, ಆದರೆ ಸೈಫನ್ ಮತ್ತೆ ಆರಂಭವಾಗದೇ ಇರಬಹುದು. ದಿನಕ್ಕೆ ಹಲವು ಬಾರಿ ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಪ್ರತಿ ಬಾರಿಯೂ ಇದು ಒಂದು ಪರೀಕ್ಷೆಯೇ. ತೂತು ಕೊರೆದ ತೊಟ್ಟಿಯಲ್ಲಿ ಈ ಸಮಸ್ಯೆಯಿಲ್ಲ. ನೀರು ಕೋಡಿ ದಾಟಿದೊಡನೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಕೊರೆದ ತೊಟ್ಟಿಗೇ ಆದ್ಯತೆ ನೀಡಬೇಕು.

ಒಂದೇ ಇಳಿಪೈಪ್ ಇದ್ದರೆ ಅದು ಕಟ್ಟಿಕೊಂಡಾಗ ಬೇರೆ ದಾರಿಯಿಲ್ಲ. ಹವ್ಯಾಸಿಗಳ ವಲಯದಲ್ಲಿ ‘ಹರ್ಬಿ’ ಎಂದು ಕರೆಯಲಾಗುವ ಪದ್ಧತಿಯಲ್ಲಿ ಎರಡು ಪೈಪುಗಳಿರುತ್ತವೆ. ಮುಖ್ಯ ಪೈಪ್ ನೀರಿನೊಳಗೆ ಮುಳುಗಿದ್ದು ಪೂರ್ತಿ ತುಂಬಿ ಹರಿಯುತ್ತದೆ. ಕೆಳಗೆ ಅಳವಡಿಸಿದ ಗೇಟ್ ವಾಲ್ವ್‌ನಿಂದ ಅದರ ಹರಿವನ್ನು ಹೊಂದಿಸಲಾಗುತ್ತದೆ. ಗಾಳಿ ಹೊಕ್ಕದ ಕಾರಣ ಸದ್ದೂ ಇರುವುದಿಲ್ಲ. ಎರಡನೆಯದು ತುರ್ತು ಪೈಪ್. ಅದರ ಬಾಯಿ ಹೆಚ್ಚು ಎತ್ತರದಲ್ಲಿದ್ದು, ಮೊದಲನೆಯದು ಕಟ್ಟಿಕೊಂಡಾಗ ನೀರನ್ನು ಸ್ವೀಕರಿಸುತ್ತದೆ. ‘ಬೀನ್ ಅನಿಮಲ್’ ಎಂಬ ಇನ್ನೊಂದು ಪದ್ಧತಿಯಲ್ಲಿ ಮೂರು ಪೈಪುಗಳು: ಒಂದು ತುಂಬಿ ಹರಿಯುವುದು, ಇನ್ನೊಂದು ಅಲ್ಪ ನೀರು ಹರಿಯುವ ತೆರೆದ ಪೈಪ್, ಮೂರನೆಯದು ಸದಾ ಒಣಗಿರುವ ತುರ್ತು ಪೈಪ್.

ಯಾವ ಪದ್ಧತಿಯಾದರೂ ತುರ್ತು ಪೈಪ್ ಮುಖ್ಯ ಪೈಪಿನಷ್ಟೇ ಗಾತ್ರದ್ದಾಗಿರಬೇಕು. ಪಂಪಿನ ಪೂರ್ತಿ ನೀರನ್ನು ಒಂಟಿಯಾಗಿ ಇಳಿಸಲು ಅದಕ್ಕೆ ಸಾಧ್ಯವಾಗಬೇಕು. ಅದಕ್ಕೆ ಯಾವುದೇ ವಾಲ್ವ್ ಅಳವಡಿಸಬಾರದು, ಬಾಯಿಗೆ ಸಣ್ಣಕಣ್ಣಿನ ಜಾಲರಿ ಕಟ್ಟಬಾರದು. ಮೇಲಿನ ಅಳತೆಯ ತೊಟ್ಟಿಗೆ ಒಂದೂಕಾಲು ಇಂಚಿನ ಎರಡು ಪೈಪುಗಳು ಸೂಕ್ತ. ಸಂಪಿನಲ್ಲಿ ಇಳಿಪೈಪಿನ ತುದಿ ನೀರಿನ ಮೇಲ್ಮೈಯಿಂದ 2-3 ಸೆಂ.ಮೀ. ಮಾತ್ರ ಒಳಗಿರಬೇಕು. ಆಳಕ್ಕಿಳಿದರೆ ವಿದ್ಯುತ್ ಮರಳಿದಾಗ ಪೈಪಿನಲ್ಲಿನ ಗಾಳಿ ಹೊರಹೋಗಲು ಕಷ್ಟವಾಗುತ್ತದೆ.

ಜೋಡಣೆಯ ಕೆಲಸ

ಟಫನ್ಡ್ ಗಾಜಿಗೆ ತೂತು ಕೊರೆಯಲು ಸಾಧ್ಯವೇ ಇಲ್ಲ. ಕೊರೆದರೆ ಇಡೀ ಗಾಜು ಪುಡಿಪುಡಿಯಾಗುತ್ತದೆ. ಕೆಲವು ಸಿದ್ಧ ತೊಟ್ಟಿಗಳ ತಳದ ಗಾಜು ಟಫನ್ಡ್ ಆಗಿರುತ್ತದೆ. ಗಾಜಿನ ಹಿಂದೆ ಲ್ಯಾಪ್‌ಟಾಪ್‌ನ ಬಿಳಿ ಪರದೆ ಇಟ್ಟು ಪೋಲರಾಯ್ಡ್ ಕನ್ನಡಕದಿಂದ ನೋಡಿದಾಗ ಮಬ್ಬು ಪಟ್ಟೆ, ಕಲೆಗಳು ಕಂಡರೆ ಅದು ಟಫನ್ಡ್ ಗಾಜು. ಹೊಸ ತೊಟ್ಟಿ ಮಾಡಿಸುವವರು ಅಂಗಡಿಯಲ್ಲಿಯೇ, ಗಾಜು ಅಂಟಿಸುವ ಮೊದಲೇ ತೂತು ಕೊರೆಸುವುದು ಲೇಸು. ತೂತಿನ ಅಂಚು ಗಾಜಿನ ಅಂಚಿನಿಂದ ಕನಿಷ್ಠ ತೂತಿನ ವ್ಯಾಸದಷ್ಟು ದೂರವಿರಬೇಕು.

ತೂತಿಗೆ ಟ್ಯಾಂಕ್ ನಿಪ್ಪಲ್ ಕೂರಿಸುವಾಗ ರಬ್ಬರ್ ವಾಷರ್ ಅದರ ಅಗಲವಾದ ತಲೆ ಮತ್ತು ಗಾಜಿನ ನಡುವೆ ಇರಬೇಕು. ನಟ್ ಕೈಯಿಂದ ಬಿಗಿಮಾಡಿ, ಬಳಿಕ ಕಾಲು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಬಿಗಿದರೆ ಗಾಜು ಸೀಳುತ್ತದೆ. ಪೈಪುಗಳನ್ನು ಅಂಟಿಸುವ ಮೊದಲು ಯೂನಿಯನ್ ಹಾಕಿಸಿಕೊಂಡರೆ ಮುಂದೆ ಪಂಪ್ ತೆಗೆದು ತೊಳೆಯಲು ಅನುಕೂಲ. ಅಡ್ಡಗಾಜು ಅಂಟಿಸಲು ಶಿಲೀಂಧ್ರನಾಶಕ ಬೆರೆಸದ, ಅಕ್ವೇರಿಯಂಗೆಂದೇ ತಯಾರಾದ ಸಿಲಿಕೋನ್ ಬಳಸಬೇಕು. ಸ್ನಾನಗೃಹಗಳಿಗೆ ಬಳಸುವ ಸಿಲಿಕೋನ್ ಮೀನುಗಳಿಗೆ ವಿಷವಾಗಬಲ್ಲದು.

ಪಂಪ್ ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿಯನ್ನಷ್ಟೇ ನಂಬಬಾರದು. ಆ ಅಂಕಿ ನೀರನ್ನು ಎತ್ತರಕ್ಕೆ ಏರಿಸದೇ ಇದ್ದಾಗಿನದು. ಗರಿಷ್ಠ ಎತ್ತರ 3 ಮೀಟರ್ ಎಂದು ನಮೂದಿಸಿರುವ ಪಂಪ್ ಒಂದೂವರೆ ಮೀಟರ್ ಎತ್ತರದಲ್ಲಿ ಸರಿಸುಮಾರು ಅರ್ಧದಷ್ಟು ನೀರು ಕೊಡುತ್ತದೆ. ಗಂಟೆಗೆ ತೊಟ್ಟಿಯ ನೀರಿನ ಐದಾರು ಪಟ್ಟು ಹರಿವು ಸಿಹಿನೀರಿನ ತೊಟ್ಟಿಗೆ ಧಾರಾಳವಾಯಿತು. ಅಗತ್ಯಕ್ಕಿಂತ ದೊಡ್ಡ ಪಂಪ್ ಹಾಕಿದರೆ ಕೋಡಿಯ ಮೇಲಿನ ಪದರ ದಪ್ಪವಾಗಿ ಎರಡೂ ಲೆಕ್ಕಗಳು ಕೆಡುತ್ತವೆ.

ಎನ್‌ಆರ್‌ವಿ ನಂಬಬಹುದೇ?

ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಅಂದರೆ ಎನ್‌ಆರ್‌ವಿ ಹಾಕಿದರೆ ಸಾಕೆಂಬ ಭಾವನೆ ವ್ಯಾಪಕವಾಗಿದೆ. ಹೊಸದರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಗಡಸು ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಬಿಸಿನೀರಿನ ಗೀಸರ್‌ನಲ್ಲಿ ಕಟ್ಟುವಂತೆಯೇ ಇದರಲ್ಲಿಯೂ ಸುಣ್ಣ ಕಟ್ಟುತ್ತದೆ. ಮುಚ್ಚಳದ ಸಂದಿನಲ್ಲಿ ಒಂದು ಮರಳಿನ ಕಣವೋ ಪಾಚಿಯ ಎಳೆಯೋ ಸಿಕ್ಕಿಕೊಂಡರೂ ನೀರು ಸೋರುತ್ತದೆ. ಎನ್‌ಆರ್‌ವಿ ಇಲ್ಲವೆಂದೇ ಭಾವಿಸಿ ಸಂಪಿನ ಅಳತೆ ನಿರ್ಧರಿಸುವುದು ವಿವೇಕ.

ನೀರು ಆವಿಯಾದಾಗ ಅದರ ಪರಿಣಾಮ ಕಾಣುವುದು ಪಂಪ್ ಕೋಣೆಯಲ್ಲಿ ಮಾತ್ರ. ಉದಾಹರಣೆಯ ಸಂಪಿನಲ್ಲಿ 2 ಲೀಟರ್ ಆವಿಯಾದರೆ ಆ ಕೋಣೆಯ ಮಟ್ಟ 2.3 ಸೆಂ.ಮೀ. ತಗ್ಗುತ್ತದೆ. ಇದನ್ನು ತುಂಬಲು ಫ್ಲೋಟ್ ಸ್ವಿಚ್‌ನ ಸ್ವಯಂಚಾಲಿತ ವ್ಯವಸ್ಥೆ ಇದೆ. ಅದನ್ನು ಮನೆಯ ಓವರ್‌ಹೆಡ್ ಟ್ಯಾಂಕಿನ ಕೊಳಾಯಿಗೆ ನೇರವಾಗಿ ಜೋಡಿಸುವುದು ಅತ್ಯಂತ ಅಪಾಯಕಾರಿ. ಫ್ಲೋಟ್ ಒಮ್ಮೆ ಸಿಕ್ಕಿಕೊಂಡರೆ ಇಡೀ ಟ್ಯಾಂಕ್ ಮನೆಯೊಳಗೆ ಖಾಲಿಯಾಗುತ್ತದೆ, ಜೊತೆಗೆ ಕ್ಲೋರಿನ್ ಬೆರೆತ ನೀರು ಮೀನುಗಳನ್ನು ಕೊಲ್ಲುತ್ತದೆ. ಪ್ರತ್ಯೇಕ ಡಬ್ಬಿಯಿಂದಲೇ ನೀರು ಕೊಡಬೇಕು. ನಮ್ಮ ಉದಾಹರಣೆಯಲ್ಲಿ ಸಂಪಿನ ಉಳಿಕೆ ಜಾಗ 20 ಲೀಟರ್ ಆಗಿರುವುದರಿಂದ ಡಬ್ಬಿ 10-15 ಲೀಟರಿನದಾಗಿದ್ದರೆ ಕ್ಷೇಮ.

ವಿದ್ಯುತ್ ಸುರಕ್ಷತೆ

ನೀರು ಮತ್ತು 230 ವೋಲ್ಟ್ ವಿದ್ಯುತ್ ಒಂದೇ ಸ್ಟ್ಯಾಂಡಿನೊಳಗೆ ಇರುವುದರಿಂದ ಈ ಭಾಗದಲ್ಲಿ ಉದಾಸೀನ ಸಲ್ಲದು. ಅಕ್ವೇರಿಯಂನ ಸರ್ಕ್ಯೂಟ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು, ಅರ್ಥಿಂಗ್ ಸರಿಯಾಗಿರಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನು ಸಂಪಿನ ಪಕ್ಕ ನೆಲದ ಮೇಲೆ ಇಡದೆ, ಸ್ಟ್ಯಾಂಡಿನ ಹೊರಗೆ ಗೋಡೆಗೆ ಎತ್ತರದಲ್ಲಿ ಬಿಗಿಯಬೇಕು. ಪ್ರತಿ ವೈರ್ ಪ್ಲಗ್‌ಗೆ ಹೋಗುವ ಮೊದಲು ಕೆಳಕ್ಕೆ ಬಾಗಿ ಮೇಲೇರುವಂತೆ ಇಟ್ಟರೆ ವೈರಿನ ಮೇಲೆ ಹರಿದುಬರುವ ಹನಿಗಳು ಪ್ಲಗ್ ತಲುಪದೆ ಕೆಳಗೆ ಬೀಳುತ್ತವೆ. ಹೀಟರನ್ನು ಪಂಪ್ ಕೋಣೆಯಲ್ಲಿ ಇಡಬಾರದು. ನೀರು ತಗ್ಗಿದಾಗ ಅದರ ಗಾಜು ಕಾದು ಒಡೆಯಬಹುದು. ನೀರಿಗೆ ಕೈಹಾಕುವ ಮೊದಲು ಪ್ಲಗ್‌ಗಳನ್ನು ಕಿತ್ತಿಡುವುದು ನಿಯಮವಾಗಲಿ.

ಐದು ಪರೀಕ್ಷೆಗಳು

ಮರಳು, ಗಿಡ, ಮೀನು ಯಾವುದನ್ನೂ ಹಾಕುವ ಮೊದಲು ಬರೀ ನೀರಿನಲ್ಲಿ ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

1. ತೊಟ್ಟಿ ಮತ್ತು ಸಂಪ್ ಎರಡನ್ನೂ ತುಂಬಿಸಿ 24 ಗಂಟೆ ಬಿಟ್ಟು ಸೋರಿಕೆ ನೋಡುವುದು.

2. ಪಂಪ್ ಓಡುತ್ತಿರುವಾಗ ಮೇನ್ ಸ್ವಿಚ್ ಆರಿಸಿ, ಸಂಪಿನ ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕುವುದು. ರಿಟರ್ನ್ ಪೈಪಿನಲ್ಲಿ ಸೈಫನ್ ಮುರಿಯುವ ತೂತಿದ್ದರೆ ಅದನ್ನು ಟೇಪಿನಿಂದ ಮುಚ್ಚಿ ಮತ್ತೊಮ್ಮೆ ಇದೇ ಪರೀಕ್ಷೆ ನಡೆಸುವುದು.

3. ಮುಖ್ಯ ಇಳಿಪೈಪಿನ ವಾಲ್ವ್ ಪೂರ್ತಿ ಮುಚ್ಚಿ, ತುರ್ತು ಪೈಪ್ ಒಂದೇ ಎಲ್ಲ ನೀರನ್ನೂ ಇಳಿಸುತ್ತದೆಯೇ ಎಂದು ನೋಡುವುದು.

4. ಬಕೆಟ್ ಹತ್ತಿರವಿಟ್ಟುಕೊಂಡು, ಕೋಡಿಯ ಹಲ್ಲುಗಳನ್ನು ಪೂರ್ತಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು. ತೊಟ್ಟಿ ತುಂಬಿ ಚೆಲ್ಲುವ ಮೊದಲು ಪಂಪ್ ಗಾಳಿ ಎಳೆಯತೊಡಗಬೇಕು. ಸದ್ದು ಕೇಳಿದ ಕೂಡಲೇ ಪಂಪ್ ನಿಲ್ಲಿಸಬೇಕು.

5. ಐದು ನಿಮಿಷಕ್ಕೊಮ್ಮೆಯಂತೆ ಹತ್ತು ಬಾರಿ ವಿದ್ಯುತ್ ಆರಿಸಿ ಹಾಕುವುದು. ಹತ್ತೂ ಬಾರಿ ವ್ಯವಸ್ಥೆ ಯಾರ ಸಹಾಯವೂ ಇಲ್ಲದೆ ಮೊದಲಿನ ಸ್ಥಿತಿಗೆ ಮರಳಬೇಕು.

ಸಂಪಿನಲ್ಲಿ ನೀರು ಕೆಂಪು ಗೆರೆಯ ಮಟ್ಟದಲ್ಲಿರುವಾಗಲೇ ಎರಡನೆಯ ಮತ್ತು ನಾಲ್ಕನೆಯ ಪರೀಕ್ಷೆಗಳನ್ನು ನಡೆಸಿದರೆ ಫಲಿತಾಂಶ ನಂಬಲರ್ಹ.

ನಿರ್ವಹಣೆ

ವಾರಕ್ಕೊಮ್ಮೆ ಕೋಡಿಯ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬೇಕು. ತಿಂಗಳಿಗೊಮ್ಮೆ ಸೈಫನ್ ತೂತನ್ನು ಚುಚ್ಚಿ ತೆರೆಯಬೇಕು, ವಿದ್ಯುತ್ ಆರಿಸಿ ಎರಡನೆಯ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಮೂರು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ಸುಣ್ಣ ತೆಗೆಯಬೇಕು. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಚೆನ್ನಾಗಿ ತೊಳೆದರೆ ಸಾಕು. ಪಂಪ್ ಬದಲಿಸಿದಾಗ, ರಿಟರ್ನ್ ಪೈಪಿನ ಬಾಯಿಯ ದಿಕ್ಕು ತಿರುಗಿಸಿದಾಗ ಐದೂ ಪರೀಕ್ಷೆಗಳನ್ನು ಹೊಸದಾಗಿ ಮಾಡಬೇಕು. ಶುಚಿ ಮಾಡುವಾಗ ಕೈತಾಗಿ ಪೈಪಿನ ಬಾಯಿ ಕೆಳಮುಖವಾಗುವುದು ಸಾಮಾನ್ಯ.

ಸಂಪಿನ ಅಡಿಯಲ್ಲಿ 5 ಸೆಂ.ಮೀ. ಅಂಚಿನ ಟ್ರೇ ಇಟ್ಟರೆ ಸಣ್ಣಪುಟ್ಟ ಸೋರಿಕೆಗೆ ತಡೆಯಾಗುತ್ತದೆ. ನೀರು ತಾಗಿದೊಡನೆ ಕೂಗುವ ಬ್ಯಾಟರಿ ಚಾಲಿತ ಅಲಾರಂ ಕೂಡ ಉಪಯುಕ್ತ. ವಿದ್ಯುತ್ ಬಹಳ ಹೊತ್ತು ಬಾರದಿದ್ದರೆ ಸಂಪಿನಲ್ಲಿನ ಉಪಕಾರಿ ಬ್ಯಾಕ್ಟೀರಿಯಾ ಮತ್ತು ಮೀನುಗಳಿಗೆ ಆಮ್ಲಜನಕದ ಕೊರತೆ ಉಂಟಾಗುವುದರಿಂದ ಚಿಕ್ಕದೊಂದು ಏರ್ ಪಂಪನ್ನು ಮನೆಯ ಇನ್ವರ್ಟರ್‌ಗೆ ಜೋಡಿಸಿಡುವುದು ಒಳ್ಳೆಯದು.

ಇಷ್ಟಾಗಿಯೂ ನೆಲದ ಮೇಲೆ ನೀರು ಕಂಡರೆ ಒದ್ದೆ ನೆಲಕ್ಕೆ ಕಾಲಿಡುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಆ ಬಳಿಕ ತೊಟ್ಟಿಯಿಂದ ನೀರು ಇನ್ನೂ ಇಳಿಯುತ್ತಿದ್ದರೆ ರಿಟರ್ನ್ ಪೈಪಿನ ಬಾಯಿಯನ್ನು ನೀರಿನಿಂದ ಮೇಲೆತ್ತಬೇಕು. ಸೈಫನ್ ಕ್ಷಣದಲ್ಲಿ ಮುರಿಯುತ್ತದೆ. ಒರೆಸುವ ಕೆಲಸ ಅನಂತರದ್ದು. ಈ ಮೂರು ಸಾಲುಗಳನ್ನು ಕೆಂಪು ಗೆರೆಯ ಅಳತೆಯೊಂದಿಗೆ ಒಂದು ಚೀಟಿಯಲ್ಲಿ ಬರೆದು ಸ್ಟ್ಯಾಂಡಿನ ಬಾಗಿಲ ಒಳಬದಿಗೆ ಅಂಟಿಸಿದರೆ, ತೊಟ್ಟಿ ಕಟ್ಟಿದವರು ಊರಲ್ಲಿಲ್ಲದ ದಿನವೂ ಮನೆಯಲ್ಲಿರುವವರಿಗೆ ದಾರಿ ತೋರುತ್ತದೆ.